ಟೇಲರಮ್ಮ ಚೆಂಡು ಹಿಡಿದದ್ದು

ಆ ಗಲ್ಲಿ ಎಷ್ಟು ಇಕ್ಕಟ್ಟು ಎಂದರೆ ಎದುರು ಮನೆಯವರು ಸೀನಿದರೆ ಈಚೆ ಮನೆಯವರು ಬೆಚ್ಚಿಬೀಳುತ್ತಿದ್ದರು. ಎರಡೂ ಕಡೆ ಹಳೆಯ ಕಟ್ಟಡಗಳು. ಕೆಳಗೆ ಅಂಗಡಿ, ಮೇಲೆ ಮನೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಟೇಲರಮ್ಮ ಇದ್ದಳು. ಅರವತ್ತು ದಾಟಿದ ಹೆಂಗಸು. ಮದುವೆಯ ತಾಪತ್ರಯಕ್ಕೆ ಹೋದವಳಲ್ಲ. ಬೆಳಕಿಗೆಂದು ಮೆಷಿನ್ನನ್ನು ಕಿಟಕಿಗೆ ಒತ್ತಿಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಪೆಡಲ್ ತುಳಿಯುತ್ತಿದ್ದಳು. ಕೋಟಿನ ಲೈನಿಂಗು, ಶಾಲೆಯ ಸಮವಸ್ತ್ರ, ಪ್ಯಾಂಟಿನ ಅಂಚು, ಕಿತ್ತುಹೋದ ಜಿಪ್ಪು, ಯಾವುದಕ್ಕೂ ಆಗಲ್ಲ ಅಂದವಳಲ್ಲ. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದುದರಿಂದ ಮಾತು ಕಡಿಮೆ. ಇರುವ ನಾಲ್ಕು ಮಾತೂ ಚುಚ್ಚುಮಾತೇ ಎಂದು ಕೆಳಗಿನ ಸೈಕಲ್ ಅಂಗಡಿಯವನು ತಮಾಷೆ ಮಾಡುತ್ತಿದ್ದ.

ಎದುರು ಕಿಟಕಿಯ ಮನೆಯಲ್ಲಿ ಒಬ್ಬ ನರ್ಸು ಮತ್ತು ಅವಳ ಮಗಳು. ನರ್ಸಿನ ಗಂಡ ದೂರದೂರಿಗೆ ಲಾರಿ ಓಡಿಸುವವನು; ಬಂದರೆ ಬಂದ, ಇಲ್ಲದಿದ್ದರೆ ಫೋನು. ಮಗಳಿಗೆ ಒಂಬತ್ತು ವರ್ಷ. ನಿಂತಲ್ಲಿ ನಿಂತವಳಲ್ಲ, ಕೂತಲ್ಲಿ ಕೂತವಳಲ್ಲ. ಅದಕ್ಕೇ ಗಲ್ಲಿಯವರೆಲ್ಲ ಅವಳನ್ನು ಮಿಡತೆ ಎಂದು ಕರೆಯುತ್ತಿದ್ದರು. ಆ ಮಿಡತೆ ಒಂದು ದಿನ ಮೆಟ್ಟಿಲಿನ ಕಟಕಟೆಯ ಮೇಲೆ ಕೂತು ಜಾರಿಕೊಂಡು ಬರುತ್ತ, ತಿರುವಿನಲ್ಲಿ ಹಿಡಿತ ತಪ್ಪಿ ಬಿದ್ದಳು. ಮೊಣಕಾಲಿನ ಕೆಳಗಿನ ಮೂಳೆ ಮುರಿಯಿತು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಮೆತ್ತಿ ಮನೆಗೆ ಕಳಿಸಿದರು. ರಜೆ ಹಾಕಿ ಕೂರುವಂತಿಲ್ಲದ ತಾಯಿ, ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದು, ಮಗಳ ಬೆನ್ನಿಗೆ ದಿಂಬು ಒಟ್ಟಿ, ಕೈಗೆಟಕುವಲ್ಲಿ ನೀರು ಊಟ ಇಟ್ಟು, ಆಗಾಗ ಬಂದು ನೋಡಿ ಎಂದು ಕೆಳಮನೆಯಾಕೆಗೆ ಹೇಳಿ ಆಸ್ಪತ್ರೆಗೆ ಓಡುತ್ತಿದ್ದಳು.

ಓಡುವ ಹುಡುಗಿಯನ್ನು ಹೀಗೆ ಕಟ್ಟಿಹಾಕಿದರೆ ಕೈ ಸುಮ್ಮನಿರುತ್ತದೆಯೇ? ಅವಳ ಬಳಿ ಒಂದು ರಬ್ಬರ್ ಚೆಂಡಿತ್ತು. ಅದನ್ನು ಎದುರು ಗೋಡೆಗೆ, ಅಂದರೆ ಟೇಲರಮ್ಮನ ಕಿಟಕಿಯ ಪಕ್ಕದ ಗೋಡೆಗೆ ಹೊಡೆಯುವುದು, ಪುಟಿದು ಬಂದದ್ದನ್ನು ಹಿಡಿಯುವುದು. ಟಪ್. ಮತ್ತೆ ಟಪ್. ಟೇಲರಮ್ಮನಿಗೆ ಅದು ತಲೆಯೊಳಗೇ ಹೊಡೆದಂತಾಗುತ್ತಿತ್ತು. ಹೊಲಿಗೆ ಒಂದೆರಡು ಸಲ ಅಡ್ಡಾದಿಡ್ಡಿ ಹೋಯಿತು. ಹಲ್ಲು ಕಚ್ಚಿ ಸಹಿಸಿಕೊಂಡಳು. ಕೊನೆಗೊಂದು ಮಧ್ಯಾಹ್ನ ಚೆಂಡು ಗೋಡೆ ಬಿಟ್ಟು ಕಿಟಕಿಯೊಳಗೇ ನುಗ್ಗಿ, ಸೀದಾ ಗುಂಡುಸೂಜಿಯ ಡಬ್ಬಿಗೆ ಬಡಿಯಿತು. ಕೋಣೆಯ ತುಂಬ ಸೂಜಿ.

"ಏಯ್! ಯಾರೇ ಅದು?"

"ನಾನೇ ಅಜ್ಜಿ. ಬೇಕಂತ ಹಾಕಿದ್ದಲ್ಲ. ಸ್ವಲ್ಪ ಚೆಂಡು ಎಸೀರಿ."

"ಎಸೀತೀನಿ ಇರು, ನಿಮ್ಮಮ್ಮ ಬರ್ಲಿ."

"ಅಮ್ಮ ಬರೋದು ಸಂಜೆಗೆ. ಅಲ್ಲೀತನಕ ನಾನೇನ್ ಮಾಡ್ಲಿ? ಗೋಡೆ ಮೇಲಿರೋ ಹಲ್ಲಿ ಎಣಿಸ್ಲಾ? ಇರೋದೇ ಒಂದು."

ಟೇಲರಮ್ಮನಿಗೆ ನಗು ಬಂತು, ತೋರಿಸಿಕೊಳ್ಳಲಿಲ್ಲ. ಕಿಟಕಿಯ ಕೆಳಗಿನ ಅರ್ಧಕ್ಕೆ ಮಾತ್ರ ಸರಳುಗಳಿದ್ದವು. ಅವಳು ಸರಳಿನ ಮೇಲಿನಿಂದ ಕೈ ಚಾಚಿ, ಚೆಂಡನ್ನು ಕಸ ಚೆಲ್ಲುವವಳಂತೆ ಆಚೆ ತಳ್ಳಿದಳು. ಅದು ಎದುರು ಕಿಟಕಿಯತ್ತ ಹೋಗಲೇ ಇಲ್ಲ. ನೆಟ್ಟಗೆ ಕೆಳಗೆ ಬಿದ್ದು, ಸೈಕಲ್ ಅಂಗಡಿಯವನು ಪಂಕ್ಚರ್ ನೋಡಲು ನೀರು ತುಂಬಿಟ್ಟಿದ್ದ ಬೋಗುಣಿಯೊಳಗೆ ಮುಳುಗಿತು. ಅವನ ಮುಖವೆಲ್ಲ ನೀರು.

"ಟೇಲರಮ್ಮಾ," ಅವನು ಚೆಂಡನ್ನು ನೀರಿನೊಳಗೆ ಒತ್ತಿ ಹಿಡಿದು ಮೇಲೆ ನೋಡಿದ, "ಪಂಕ್ಚರ್ ಆಗಿದ್ಯಾ ನೋಡ್ಬೇಕಿತ್ತಾ? ಇಲ್ಲ ಬಿಡಿ, ಗುಳ್ಳೆ ಬರ್ತಿಲ್ಲ!"

ಅವನು ಚೆಂಡನ್ನು ಮೇಲಕ್ಕೆ ಎಸೆದ. ಮಿಡತೆ ಅದನ್ನು ಒಂದೇ ಕೈಯಲ್ಲಿ, ಟೇಲರಮ್ಮನ ಮುಖ ನೋಡುತ್ತಲೇ ಹಿಡಿದಳು. ಆಮೇಲೆ ನಿಜವಾದ ಕುತೂಹಲದಿಂದ ಕೇಳಿದಳು: "ಅಜ್ಜಿ, ನಿಮಗೆ ಎಸೆಯೋಕೇ ಬರಲ್ವಾ?"

ಟೇಲರಮ್ಮ ಕಿಟಕಿ ಮುಚ್ಚಿಬಿಟ್ಟಳು.

ನೆಲದ ಮೇಲೆ ಕೂತು ಸೂಜಿ ಹೆಕ್ಕುತ್ತಿದ್ದಾಗ ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಅವಳ ಕೈಗೆ ಬಾರದ ಕೆಲಸವಿರಲಿಲ್ಲ. ಕತ್ತಲಲ್ಲೂ ದಾರ ಪೋಣಿಸುತ್ತಿದ್ದಳು. ಬಟ್ಟೆ ಮುಟ್ಟಿದರೆ ಒಗೆದ ಮೇಲೆ ಎಷ್ಟು ಕುಗ್ಗುತ್ತದೆ ಎಂದು ಹೇಳುತ್ತಿದ್ದಳು. ಅದೇ ಕೈಗೆ ಒಂದು ಚೆಂಡನ್ನು ಗಲ್ಲಿ ದಾಟಿಸಲು ಆಗಲಿಲ್ಲವೆಂದರೆ ಏನರ್ಥ? ಯೋಚಿಸಿ ನೋಡಿದರೆ, ಹುಟ್ಟಿದ ಮೇಲೆ ಒಂದು ಸಲವೂ ಅವಳು ಚೆಂಡು ಎಸೆದಿರಲಿಲ್ಲ. ಹಿಡಿದೂ ಇರಲಿಲ್ಲ. ಅವಳು ಮನೆಗೆ ಹಿರಿಯವಳು. ಅವಳ ಹಿಂದೆ ಒಂದು ಸಾಲು ತಮ್ಮ ತಂಗಿಯರು. ಅಮ್ಮ ಬಟ್ಟೆ ಗಿರಣಿಗೆ ಹೋದರೆ ಕೈಗೂಸು ಯಾವಾಗಲೂ ಇವಳ ಸೊಂಟದ ಮೇಲೆ. ಒಂದು ಇಳಿದು ನಡೆಯಲು ಕಲಿಯುವಷ್ಟರಲ್ಲಿ ಇನ್ನೊಂದು ಸಿದ್ಧ. ಕೊನೆಯ ಕೂಸು ಇಳಿದ ವರ್ಷವೇ ಅವಳನ್ನು ಹೊಲಿಗೆ ಕಲಿಯಲು ಹಾಕಿದರು. ಬರಿಗೈ ಎಂಬುದು ಹೇಗಿರುತ್ತದೆ ಎಂದು ಆ ಕೈಗೆ ಗೊತ್ತೇ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಚೂರುಬಟ್ಟೆಯ ಮೂಟೆ ಬಿಚ್ಚಿದಳು. ರಬ್ಬರ್ ಚೆಂಡಿನಿಂದ ಕಿಟಕಿಯ ಗಾಜು ಒಡೆಯುತ್ತದೆ, ಅದರ ಬದಲು ಬಟ್ಟೆಯದೊಂದು ಮಾಡಿಕೊಟ್ಟರಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ದಪ್ಪ ಕೋಟಿನ ಬಟ್ಟೆಯಲ್ಲಿ ಎಲೆಯಾಕಾರದ ತುಂಡುಗಳನ್ನು ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ ಹೊಲಿದು, ಒಳಗೆ ಚಿಂದಿ ತುಂಬಿದಳು. ಮೊದಲನೆಯದು ಕಲ್ಲಿನಂತಾಯಿತು. ಎರಡನೆಯದು ಹತ್ತಿಯಂತೆ ಹಗುರ, ಗಾಳಿಗೆ ಹಾರಿಹೋಗುವಂಥದ್ದು. ಮೂರನೆಯದಕ್ಕೆ ನಡುವೆ ಬಿಗಿಯಾಗಿ ಸುತ್ತಿದ ಒಂದು ಉಂಡೆ ಇಟ್ಟು, ಸುತ್ತ ಮೆತ್ತಗೆ ತುಂಬಿದಳು. ಅಂಗೈಯಲ್ಲಿಟ್ಟು ತೂಗಿ ನೋಡಿದಳು. ಸಮಾಧಾನವಾಯಿತು.

ಮಿಡತೆಯ ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿಯೊಂದು ಇಳಿಬಿದ್ದಿತ್ತು. ಸೈಕಲ್ ಅಂಗಡಿಯವನ ಕೈಯಲ್ಲಿ ಚೆಂಡನ್ನು ಅದರೊಳಗೆ ಹಾಕಿಸಿದಳು. ಹುಡುಗಿ ಎಳೆದುಕೊಂಡಳು, ಹಿಂದೆ ಮುಂದೆ ತಿರುಗಿಸಿ ನೋಡಿದಳು, ಮೂಗಿನ ಬಳಿ ಹಿಡಿದು ಮೂಸಿದಳು.

"ಚೆನ್ನಾಗಿದೆ ಅಜ್ಜಿ. ಆದ್ರೆ ಇದು ಪುಟಿಯಲ್ಲ. ಗೋಡೆಗೆ ಹೊಡೆದ್ರೆ ವಾಪಸ್ ಬರಲ್ಲ."

"ಬರದಿದ್ರೆ ಏನ್ಮಾಡ್ಬೇಕು?"

"ಯಾರಾದ್ರೂ ವಾಪಸ್ ಎಸೀಬೇಕು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಕೆಳಗೆ ಸೈಕಲ್ ಅಂಗಡಿಯವನು ಬೋಗುಣಿಯನ್ನು ಮೆಲ್ಲಗೆ ಗೋಡೆಯ ಕಡೆ ಸರಿಸಿದ.

ಆ ಸಂಜೆ ನರ್ಸು ಚೆಂಡಾಟದ ವಿಷಯ ಕೇಳಿದ್ದೇ ಬೈಗುಳ ಹಚ್ಚಿದಳು. "ಒಂದು ಕಾಲು ಮುರ್ಕೊಂಡಿದ್ದು ಸಾಲ್ದಾ? ಕಿಟಕಿಯಿಂದ ಬಗ್ಗಿ ಬಿದ್ರೆ ಯಾರೇ ಜವಾಬ್ದಾರಿ?" ಟೇಲರಮ್ಮ ವಾದ ಮಾಡಲಿಲ್ಲ. ರಾತ್ರಿ ಊಟಕ್ಕೆ ಮೊದಲೇ ಕ್ಯಾನ್ವಾಸ್ ಬಟ್ಟೆಯಲ್ಲಿ ಅಗಲವಾದ ಪಟ್ಟಿಯೊಂದನ್ನು ಎರಡೆರಡು ಸಾಲು ಹೊಲಿಗೆ ಹಾಕಿ ಸಿದ್ಧಮಾಡಿದಳು. ಮೆಟ್ಟಿಲಿಳಿದು, ಗಲ್ಲಿ ದಾಟಿ, ಎದುರು ಮೆಟ್ಟಿಲು ಹತ್ತಿ ಹೋಗಿ, ಪಟ್ಟಿಯನ್ನು ಮಂಚಕ್ಕೂ ಹುಡುಗಿಯ ಸೊಂಟಕ್ಕೂ ಸೇರಿಸಿ ಬಕಲ್ ಬಿಗಿದಳು. ನರ್ಸು ಎರಡೂ ಕೈಯಲ್ಲಿ ಜಗ್ಗಿ ನೋಡಿದಳು. ಜಗ್ಗಲಿಲ್ಲ. "ಸರಿ," ಅಂದಳು ನರ್ಸು, ಸೋತವಳಂತೆ. "ಅವಳು ಹಲ್ಲಿ ಜೊತೆ ಮಾತಾಡೋಕೆ ಶುರುಮಾಡಿದ್ಲು ಟೇಲರಮ್ಮ. ಇದೇ ವಾಸಿ."

ಆಟ ಶುರುವಾಯಿತು ಎನ್ನುವಂತಿರಲಿಲ್ಲ. ಎಸೆಯುವುದು ಹೇಗೋ ಬೇಗ ಬಂತು. ಬಟ್ಟೆ ಝಾಡಿಸುವ ಕೈ, ಮಣಿಕಟ್ಟಿನ ತಿರುವು ಗೊತ್ತಿತ್ತು. ಹಿಡಿಯುವುದು ಮಾತ್ರ ಆಗದ ಮಾತು. ಚೆಂಡು ಹತ್ತಿರ ಬಂದೊಡನೆ ಟೇಲರಮ್ಮನ ಕಣ್ಣು ಮುಚ್ಚಿಹೋಗುತ್ತಿತ್ತು. ಎರಡು ಕೈಯೂ ಮುಖಕ್ಕೆ ಅಡ್ಡ ಬರುತ್ತಿದ್ದವು. ಚೆಂಡು ಎದೆಗೆ ಬಡಿಯುತ್ತಿತ್ತು, ಕನ್ನಡಕಕ್ಕೆ ತಾಗುತ್ತಿತ್ತು, ಹಿಂದೆ ತೂಗುಹಾಕಿದ್ದ ಕೋಟಿನ ತೋಳೊಳಗೆ ಹೋಗಿ ಕೂರುತ್ತಿತ್ತು. ಗಲ್ಲಿಗೆ ಬಿದ್ದದ್ದನ್ನು ಸೈಕಲ್ ಅಂಗಡಿಯವನು ಪಾನಾ ಬಿಟ್ಟೆದ್ದು ಬುಟ್ಟಿಗೆ ಹಾಕುತ್ತಿದ್ದ. "ಒಂದು ಸೈಕಲ್ಲಿಗೆ ಗಾಳಿ ಹೊಡೆಯೋಷ್ಟರಲ್ಲಿ ನಾಲ್ಕು ಸಲ ಏಳಿಸ್ತೀರಲ್ರೀ," ಎಂದು ಗೊಣಗಿದರೂ ಅವನಿಗೆ ಆ ಏಳಾಟ ಹಿಡಿಸಿತ್ತು.

ಮಿಡತೆ ಕಟ್ಟುನಿಟ್ಟಿನ ಮೇಷ್ಟ್ರು. "ಕಣ್ಣು ಮುಚ್ಬೇಡಿ ಅಜ್ಜಿ! ಅದೇನು ಕಚ್ಚುತ್ತಾ?"

"ನಾನೆಲ್ಲಿ ಮುಚ್ತೀನಿ ಕಣೇ? ಅದೇ ಮುಚ್ಕೊಳುತ್ತೆ."

"ಚೆಂಡನ್ನ ನೋಡಿ. ನನ್ನನ್ನಲ್ಲ. ಚೆಂಡಿನ ಮೇಲೆ ನೀವು ಹಾಕಿದ ಹೊಲಿಗೆ ಇದ್ಯಲ್ಲ, ಅದನ್ನ ನೋಡಿ."

"ಹೊಲಿಗೆ ನೋಡೋದಾ?"

"ಹ್ಞೂಂ. ಆಮೇಲೆ ಅದನ್ನ ಹಿಡಿಯೋಕೆ ಹೋಗ್ಬೇಡಿ. ಬರೋಕೆ ಬಿಡಿ. ಬಂದಾಗ ಕೈಯನ್ನ ಹಿಂಗೆ ಸ್ವಲ್ಪ ಹಿಂದಕ್ಕೆ ತಗೊಳ್ಳಿ. ಮಗೂನ ಯಾರಾದ್ರೂ ನಿಮ್ಮ ಕೈಗೆ ಕೊಟ್ರೆ ಹೆಂಗೆ ತಗೋತೀರಾ, ಹಂಗೆ."

ಟೇಲರಮ್ಮ ಎರಡು ಕೈಯನ್ನೂ ಸರಳಿನ ಮೇಲೆ ಚಾಚಿದಳು.

ಹುಡುಗಿ ಎಸೆದಳು. ಬೂದು ಬಣ್ಣದ ಚೆಂಡು ಅವಳ ಕೈಬಿಟ್ಟು ಮೇಲೇರಿತು. ಗಲ್ಲಿಯ ನಡುಮಧ್ಯೆ, ಕಟ್ಟಡಗಳ ನೆರಳು ಮುಗಿದು ಒಂದು ಗೇಣು ಬಿಸಿಲು ಬೀಳುವಲ್ಲಿ, ಅದು ಒಂದು ಕ್ಷಣ ಬೆಳಗಿತು. ಟೇಲರಮ್ಮನಿಗೆ ಹೊಲಿಗೆ ಕಾಣಿಸಿತು. ತಾನೇ ಹಾಕಿದ ಹೊಲಿಗೆ, ತಿರುಗುತ್ತ, ಹತ್ತಿರವಾಗುತ್ತ. ಅವಳ ಕಣ್ಣು ಮುಚ್ಚಲಿಲ್ಲ. ಚೆಂಡು ಮೆಲ್ಲಗೆ ಬರುತ್ತಿದೆ ಎನ್ನಿಸಿತು, ಅವಳು ಸಿದ್ಧಳಾಗಲಿ ಎಂದು ಕಾಯುತ್ತ ಬರುತ್ತಿದೆಯೋ ಎಂಬಷ್ಟು ಮೆಲ್ಲಗೆ. ಅಂಗೈಗೆ ತಾಗಿತು. ಕೈ ತುಸು ಹಿಂದೆ ಸರಿಯಿತು. ಬೆರಳು ಮಡಚಿಕೊಂಡವು.

ಚೆಂಡು ಅಲ್ಲೇ ಇತ್ತು.

"ಹಿಡಿದ್ರಿ! ಅಜ್ಜಿ, ಹಿಡಿದ್ರಿ!" ಮಿಡತೆ ಮಂಚದ ಮೇಲೆ ಕುಣಿಯಲು ಹೋಗಿ ಪಟ್ಟಿಗೆ ಸಿಕ್ಕಿಬಿದ್ದಳು. ಕೆಳಗಿನಿಂದ ಸೈಕಲ್ ಅಂಗಡಿಯವನು ಗಂಟೆ ಬಾರಿಸಿದ. "ಎಸೀರಿ ಅಜ್ಜಿ, ಎಸೀರಿ!"

ಟೇಲರಮ್ಮ ಎಸೆಯಲಿಲ್ಲ. ಮುಚ್ಚಿದ ಕೈಗಳನ್ನು ನೋಡುತ್ತ ನಿಂತಿದ್ದಳು. ಈಗಷ್ಟೇ ಆಕಾಶದಲ್ಲಿ, ಯಾರದೂ ಅಲ್ಲದೆ ಹಾರುತ್ತಿದ್ದದ್ದು, ಇಷ್ಟು ದೊಡ್ಡ ಜಗತ್ತಿನಲ್ಲಿ ಎಲ್ಲಿ ಬೇಕಾದರೂ ಬೀಳಬಹುದಾಗಿದ್ದದ್ದು, ಅವಳ ಕೈಗೇ ಬಂದಿತ್ತು. ಅವಳಿಗೆ ಮೈ ಜುಮ್ಮೆಂದಿತು. ಮಕ್ಕಳು ಇದನ್ನು ದಿನಕ್ಕೆ ನೂರು ಸಲ ಮಾಡುತ್ತಾರಲ್ಲ, ಅಷ್ಟು ಸಲವೂ ಹೀಗೇ ಆಗುತ್ತದೆಯೇ? ಹೀಗಾಗಿಯೂ ಅವರು ಸುಮ್ಮನೆ ಊಟಕ್ಕೆ ಹೋಗುತ್ತಾರೆಯೇ? ಅವಳು ಮೆಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಕುಸಿದು ಕೂತಳು. ಕೋಟು ತೆಗೆದುಕೊಳ್ಳಲು ಬಂದ ಗಿರಾಕಿಯೊಬ್ಬ ಬಾಗಿಲಲ್ಲಿ ನಿಂತು ಅವಳ ಮುಖ ನೋಡಿ, "ಏನಾದ್ರೂ ಕೆಟ್ಟ ಸುದ್ದಿನಾ ಅಮ್ಮ?" ಎಂದು ಮೆಲ್ಲಗೆ ಕೇಳಿದ.

"ಇಲ್ಲಪ್ಪ," ಅಂದಳು ಅವಳು. "ಚೆಂಡು ಹಿಡಿದೆ."

ಎದುರಿನಿಂದ ಮಿಡತೆ ಕೂಗುತ್ತಲೇ ಇದ್ದಳು. "ಅಜ್ಜೀ! ಏನ್ ಮಾಡ್ತಿದೀಯಾ? ಎಸಿ ಬೇಗ!" ನೀವು ಹೋಗಿ ನೀನು ಆಗಿತ್ತು, ಇಬ್ಬರಿಗೂ ಅದು ಗೊತ್ತಾಗಲಿಲ್ಲ.

ಅಲ್ಲಿಂದ ಮುಂದೆ ಮಧ್ಯಾಹ್ನಗಳು ಬೇರೆಯೇ ಆದವು. ಟೇಲರಮ್ಮ ಬೆಳಗ್ಗೆ ಬೇಗ ಎದ್ದು ಕೆಲಸ ಮುಗಿಸಿ, ಊಟವಾದ ಮೇಲೆ ಮೆಷಿನ್ನಿಗೆ ಬಟ್ಟೆ ಹೊದಿಸಿಬಿಡುತ್ತಿದ್ದಳು. ಬರಿದೆ ಹಿಡಿಯುವುದು ಮುಗಿದು, ಚೆಂಡು ಬರುವಷ್ಟರಲ್ಲಿ ಒಂದು ಚಪ್ಪಾಳೆ ತಟ್ಟಿ ಹಿಡಿಯುವ ಆಟ ಬಂತು. ಆಮೇಲೆ ಎರಡು ಚಪ್ಪಾಳೆ. ಆಮೇಲೆ ಭುಜ ಮುಟ್ಟಿ ಹಿಡಿಯುವುದು, ಒಂದು ಸುತ್ತು ತಿರುಗಿ ಹಿಡಿಯುವುದು. ತಿರುಗಲು ಹೋಗಿ ಟೇಲರಮ್ಮ ಇಸ್ತ್ರಿ ಮೇಜಿಗೆ ಸೊಂಟ ಬಡಿದುಕೊಂಡಳು; ಮರುದಿನ ಮೇಜನ್ನೇ ಮೂಲೆಗೆ ತಳ್ಳಿದಳು. ಅವಳ ಕೈಗೆ ತಪ್ಪಿದರೆ ಹುಡುಗಿ ನಗುತ್ತಿದ್ದಳು, ಹುಡುಗಿಯ ಕೈಗೆ ತಪ್ಪಿದರೆ ಟೇಲರಮ್ಮ ಅದಕ್ಕಿಂತ ಜೋರಾಗಿ. ಆ ಕಿಟಕಿಯಿಂದ ನಗು ಕೇಳಿದ್ದು ಅದೇ ಮೊದಲು ಎಂದು ಹಳೆಯ ಬಾಡಿಗೆದಾರರು ಆಡಿಕೊಂಡರು.

ಒಂದು ಭಾನುವಾರ ಟೇಲರಮ್ಮನ ತಂಗಿ ಬಂದಳು. ಟೆಲಿಫೋನ್ ಕಚೇರಿಯಲ್ಲಿದ್ದು ನಿವೃತ್ತಳಾದವಳು. ಗರಿಗರಿ ಬಟ್ಟೆ, ಮೊಣಕೈಗೆ ಸಿಕ್ಕಿಸಿದ ಚೀಲ, ಎಲ್ಲದರಲ್ಲೂ ಅಚ್ಚುಕಟ್ಟು. ಬಾಗಿಲು ತಳ್ಳಿ ಒಳಗೆ ಬಂದರೆ ಅಕ್ಕ ಕಿಟಕಿಯಲ್ಲಿ ನಿಂತು ತನ್ನಷ್ಟಕ್ಕೇ ಚಪ್ಪಾಳೆ ತಟ್ಟುತ್ತಿದ್ದಾಳೆ.

"ಅಕ್ಕಾ! ಏನಿದು? ತಲೆ ನೆಟ್ಟಗಿದೆ ತಾನೇ?"

"ಬಾರೇ, ಕೂತ್ಕೋ. ಇನ್ನೆರಡು ಎಸೆತ, ಅಷ್ಟೆ."

"ಗಲ್ಲಿಯವರೆಲ್ಲ ನೋಡ್ತಿದಾರೆ. ಈ ವಯಸ್ಸಲ್ಲಿ!"

"ನೋಡ್ಲಿ ಬಿಡು. ಇಷ್ಟು ವರ್ಷ ಅವರ ಹರಿದ ಪ್ಯಾಂಟೆಲ್ಲ ನಾನು ನೋಡಿಲ್ವಾ?"

ಹೀಗೆ ಹೇಳುತ್ತ ಟೇಲರಮ್ಮ ತಂಗಿಯ ಕಡೆ ತಿರುಗಿದಳು. ಅಷ್ಟರಲ್ಲಿ ಮಿಡತೆ ಎಸೆದಾಗಿತ್ತು. ಚೆಂಡು ಟೇಲರಮ್ಮನ ಭುಜದ ಮೇಲಿನಿಂದ ಹಾದು ತಂಗಿಯ ಮುಖದತ್ತಲೇ ಬಂತು. ತಂಗಿ ಹಿಂಜರಿಯಲಿಲ್ಲ, ಕೂಗಲಿಲ್ಲ. ಒಂದು ಕೈಯಲ್ಲಿ ಚೀಲ ಹಾಗೇ ಇತ್ತು. ಇನ್ನೊಂದು ಕೈ ತಾನಾಗಿ ಮೇಲೆದ್ದು ಗಾಳಿಯಿಂದ ಚೆಂಡನ್ನು ಹಣ್ಣು ಕಿತ್ತಂತೆ ಕಿತ್ತುಕೊಂಡಿತು.

ತಂಗಿ ತನ್ನ ಕೈಯನ್ನೇ ಬೆರಗಾಗಿ ನೋಡಿದಳು. ಅದು ಐವತ್ತು ವರ್ಷ ಟೆಲಿಫೋನು, ಪಾತ್ರೆ, ಮೊಮ್ಮಕ್ಕಳ ಕೈ ಬಿಟ್ಟು ಬೇರೇನೂ ಹಿಡಿದದ್ದಲ್ಲ. ಅವಳು ಕಿಟಕಿಗೆ ಹೋಗಿ, ಕೈಯನ್ನು ಕೆಳಗಿನಿಂದ ಬೀಸಿ, ಕೊನೆಯಲ್ಲಿ ಬೆರಳಿನಿಂದ ಸಣ್ಣಗೆ ಸುತ್ತು ಕೊಟ್ಟು ಎಸೆದಳು. ಚೆಂಡು ಬುಗುರಿಯಂತೆ ತಿರುಗುತ್ತ ಹೋಗಿ ಮಿಡತೆಯ ಮಡಿಲಲ್ಲೇ ಇಳಿಯಿತು. ಹುಡುಗಿ ಶಿಳ್ಳೆ ಹಾಕಿದಳು. "ಅಜ್ಜೀ, ಅದ್ಯಾರು? ಅವ್ರು ನಿನಗಿಂತ ಜೋರು!"

"ನಮ್ಮ ಓಣೀಲಿ ನನ್ನ ಔಟ್ ಮಾಡೋರೇ ಇರ್ಲಿಲ್ಲ, ಗೊತ್ತಾ ಅಕ್ಕಾ?" ತಂಗಿಯ ಮುಖ ಕೆಂಪಾಗಿತ್ತು.

"ಗೊತ್ತಿಲ್ದೆ ಏನು? ನಾನಲ್ಲೇ ಇದ್ನಲ್ಲ."

"ನೀನಾ? ನೀನು ಯಾವತ್ತೂ ಆಡಿದ್ದು ನೆನಪಿಲ್ವಲ್ಲ."

"ಆಡ್ಲಿಲ್ಲ. ಗೋಡೆ ಹತ್ರ ನಿಂತಿರ್ತಿದ್ದೆ. ಸೊಂಟದ ಮೇಲೆ ತಮ್ಮ ಇರ್ತಿದ್ದ."

ಟೇಲರಮ್ಮನ ದನಿಯಲ್ಲಿ ದೂರು ಇರಲಿಲ್ಲ. ಬಟ್ಟೆಯ ಅಳತೆ ಹೇಳುವಂತೆ ಹೇಳಿದ್ದಳು. ಆದರೆ ತಂಗಿ ಚೀಲವನ್ನು ಮೆಲ್ಲಗೆ ನೆಲಕ್ಕಿಟ್ಟಳು. ಆ ಓಣಿಯ ಪ್ರತಿಯೊಂದು ಆಟವೂ ಅವಳ ಕಣ್ಣಿಗೆ ಕಟ್ಟಿದಂತಿತ್ತು. ಯಾರು ಎಲ್ಲಿ ನಿಂತಿದ್ದರು, ಯಾರು ಮೋಸ ಮಾಡಿದರು, ಎಲ್ಲ. ಆ ನೆನಪಿನಲ್ಲಿ ಗೋಡೆಯ ಹತ್ತಿರ ಮಾತ್ರ ಯಾರೂ ಇರಲಿಲ್ಲ. ಅಕ್ಕ ಅಲ್ಲೇ ಇದ್ದಳು, ದಿನವೂ ಇದ್ದಳು, ತಾನೇ ನೋಡಿರಲಿಲ್ಲ.

"ನಾವು ಒಂದ್ಸಲನೂ ನಿನ್ನ ಕರೀಲಿಲ್ವಾ ಅಕ್ಕಾ?"

"ಕರೆದಿದ್ರಿ. ಮಗೂನ ಯಾರ ಕೈಗೆ ಕೊಟ್ಟು ಬರ್ಲಿ ಹೇಳು?"

ತಂಗಿ ಹೋಗುವಾಗ ಬಾಗಿಲಲ್ಲಿ ನಿಂತು, "ಮುಂದಿನ ಭಾನುವಾರಾನೂ ಆಡ್ತೀರಾ?" ಎಂದು ಕೇಳಿದಳು. ಮುಂದಿನ ಭಾನುವಾರ ಬಂದಾಗ ಅವಳ ಕಾಲಲ್ಲಿ ಹೊಸ ಕ್ಯಾನ್ವಾಸ್ ಶೂ ಇತ್ತು. ಅದನ್ನು ನೋಡಿ ಟೇಲರಮ್ಮ ಸೂಜಿ ನುಂಗುವುದೊಂದು ಬಾಕಿ, ಅಷ್ಟು ನಕ್ಕಳು.

ಅದು ಪ್ಲಾಸ್ಟರಿನ ಕೊನೆಯ ಭಾನುವಾರ. ಮರುದಿನ ಬಿಚ್ಚುತ್ತಾರೆ ಎಂದು ನರ್ಸು ಹೇಳಿ ಕೆಲಸಕ್ಕೆ ಹೋಗಿದ್ದಳು. ತಂಗಿ ತಾನು ಮೇಲೆ ನಿಲ್ಲುವುದಿಲ್ಲ, ಕೆಳಗೆ ನಿಲ್ಲುತ್ತೇನೆ ಎಂದಳು. ಹೀಗಾಗಿ ಮೂರು ಮೂಲೆಯಾಯಿತು: ಮಿಡತೆಯಿಂದ ಟೇಲರಮ್ಮನಿಗೆ, ಟೇಲರಮ್ಮನಿಂದ ಗಲ್ಲಿಯಲ್ಲಿದ್ದ ತಂಗಿಗೆ, ತಂಗಿಯಿಂದ ಮತ್ತೆ ಮೇಲೆ ಮಿಡತೆಗೆ. ಲೆಕ್ಕ ಹಿಡಿಯುವ ಕೆಲಸವನ್ನು ಸೈಕಲ್ ಅಂಗಡಿಯವನು ತಾನಾಗಿಯೇ ಮೈಮೇಲೆ ಎಳೆದುಕೊಂಡ.

ಮೊದಲ ಕೆಲವು ಸುತ್ತು ಎಂದಿನಂತೆ ಬಿದ್ದು ಎದ್ದು ನಡೆದವು. ಆಮೇಲೆ ಎಲ್ಲಿಂದಲೋ ಒಂದು ಲಯ ಹತ್ತಿತು. ಚೆಂಡು ಬೀಳಲಿಲ್ಲ. ಎದುರು ಕಿಟಕಿಯಿಂದ ಹೊರಟು, ಬಿಸಿಲಿನ ಪಟ್ಟಿಯಲ್ಲಿ ಒಮ್ಮೆ ಮಿಂಚಿ, ಟೇಲರಮ್ಮನ ಕೈಗೆ ಬಂದು, ಅಲ್ಲಿ ನಿಲ್ಲದೆ, ಕಲ್ಲಿನ ಮೇಲೆ ಕ್ಯಾನ್ವಾಸ್ ಶೂ ಊರಿ ನಿಂತಿದ್ದ ತಂಗಿಯ ಕೈಗೆ ಇಳಿದು, ತಿರುಗುತ್ತ ಮತ್ತೆ ಮೇಲೇರಿತು. ಸೈಕಲ್ ಅಂಗಡಿಯವನು ಗಟ್ಟಿಯಾಗಿ ಎಣಿಸುತ್ತಿದ್ದ. ಅವನ ದನಿ ಮೆಲ್ಲಮೆಲ್ಲಗೆ ಸಣ್ಣದಾಯಿತು. ಒಂದು ಹಂತದಲ್ಲಿ ನಿಂತೇಹೋಯಿತು. ಯಾಕೆ ನಿಲ್ಲಿಸಿದೆ ಎಂದು ಆಮೇಲೆ ಕೇಳಿದವರಿಗೆ ಅವನು, "ಎಣಿಸೋದಾ? ಉಸಿರಾಡೋದೇ ಮರೆತಿದ್ದೆ," ಎಂದ.

ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಸಾಮಾನು ಇಳಿಸಲು ಬಂದ ವ್ಯಾನಿನವನು ಹಾರ್ನ್ ಮೇಲೆ ಕೈ ಇಟ್ಟು, ಮೇಲೆ ನೋಡಿ, ಹಾರ್ನ್ ಒತ್ತದೆ ಇಂಜಿನ್ ಆರಿಸಿದ. ಗಲ್ಲಿಯಲ್ಲಿ ಓಡಾಡುತ್ತಿದ್ದ ಮಕ್ಕಳು ಗೋಡೆಗೆ ಒತ್ತಿಕೊಂಡು ನಿಂತರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಭೇಷ್ ಅನ್ನಲಿಲ್ಲ. ಒಂದು ಮಾತಾಡಿದರೂ ಒಡೆದುಹೋಗುವಂಥದ್ದೇನೋ ತಲೆಯ ಮೇಲೆ ನಡೆಯುತ್ತಿದೆ ಎಂದು ಚಿಕ್ಕ ಮಕ್ಕಳಿಗೂ ತಿಳಿದಿತ್ತು. ಚೆಂಡು ಅಂಗೈಗೆ ತಾಗುವ ಮೆತ್ತನೆಯ ಸದ್ದೊಂದೇ. ಒಮ್ಮೆ ಮೇಲೆ, ಒಮ್ಮೆ ಎದುರು, ಒಮ್ಮೆ ಕೆಳಗೆ.

ಟೇಲರಮ್ಮನಿಗೆ ತಾನು ಎಸೆಯುತ್ತಿದ್ದೇನೆ, ಹಿಡಿಯುತ್ತಿದ್ದೇನೆ ಎಂಬುದೇ ಹೋಗಿಬಿಟ್ಟಿತ್ತು. ಎದುರಿಗೆ ಹುಡುಗಿಯ ಮುಖ, ನಾಲಿಗೆಯ ತುದಿ ಕಚ್ಚಿಕೊಂಡು ಗಂಭೀರವಾಗಿತ್ತು. ಕೆಳಗೆ ತಂಗಿಯ ಮುಖ, ಮೇಲಕ್ಕೆತ್ತಿದ್ದು, ಬಿಸಿಲಿಗೆ ಕಣ್ಣು ಕಿರಿದಾಗಿ, ಎಂಟು ವರ್ಷದವಳದ್ದಾಗಿತ್ತು. ಅಂದು ಗೋಡೆಯ ಬಳಿ ನಿಂತು ದಿನವೂ ನೋಡುತ್ತಿದ್ದ ಅದೇ ಮುಖ. ವ್ಯತ್ಯಾಸ ಇಷ್ಟೇ, ಈಗ ಆ ಮುಖ ಇವಳನ್ನೇ ನೋಡುತ್ತಿತ್ತು. ಚೆಂಡು ಇವಳಿಂದಲೇ ಬರಲಿ ಎಂದು ಕಾಯುತ್ತಿತ್ತು.

ಬಿಸಿಲಿನ ಪಟ್ಟಿ ಗೋಡೆ ಹತ್ತಿ ಮಾಯವಾಯಿತು. ಗಲ್ಲಿಯ ಬಾಯಲ್ಲಿ ನರ್ಸು ಬಂದು ನಿಂತಿದ್ದಳು. ಕೆಲಸದಿಂದ ಸೋತು ಬಂದವಳು, ಒಳಗೆ ಕಾಲಿಡದೆ, ಚೀಲವನ್ನೂ ಕೆಳಗಿಡದೆ, ನಿಂತೇ ಇದ್ದಳು. ಬೆಳಕು ಇನ್ನೂ ಕಡಿಮೆಯಾಯಿತು. ಬೂದು ಚೆಂಡು ಬೂದು ಗಾಳಿಯಲ್ಲಿ ಕರಗಿ, ಕೈಗೆ ತಾಗಿದಾಗ ಮಾತ್ರ ಮತ್ತೆ ಚೆಂಡಾಗುತ್ತಿತ್ತು. ಆಗಲೂ ಬೀಳಲಿಲ್ಲ. ಕೊನೆಗೆ ಟೇಲರಮ್ಮ ಹಿಡಿದ ಚೆಂಡನ್ನು ಎದೆಗೆ ಒತ್ತಿಕೊಂಡು, "ಇನ್ನು ಕಾಣಿಸ್ತಿಲ್ಲ ಕಣೇ," ಅಂದಳು.

ಗಲ್ಲಿ ಇಡೀ ಒಮ್ಮೆಗೇ ಉಸಿರುಬಿಟ್ಟಿತು. ಆಮೇಲೆ ಎದ್ದ ಗದ್ದಲಕ್ಕೆ ಮೂರನೇ ಬೀದಿಯವರೂ ಏನಾಯಿತೆಂದು ಓಡಿಬಂದರು. ತಂಗಿ ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತ, ಅಕ್ಕನ ಎರಡೂ ಕೈಗಳನ್ನು ಹಿಡಿದುಕೊಂಡಳು. ಕೆಂಪಾಗಿ ಬಿಸಿಯಾಗಿದ್ದ ಕೈಗಳು.

ಮರುದಿನ ಪ್ಲಾಸ್ಟರ್ ಬಿಚ್ಚಿದರು. ಒಳಗಿನ ಕಾಲು ಸೊರಗಿ ಕಡ್ಡಿಯಾಗಿತ್ತು. ಅದನ್ನು ನೋಡಿ ಮಿಡತೆ, "ಇದು ನಂದಲ್ಲ, ಯಾರದ್ದೋ ಬದಲಾಗಿದೆ," ಎಂದು ಡಾಕ್ಟರ ಹತ್ತಿರ ಜಗಳ ತೆಗೆದಳಂತೆ. ಮೊದಲು ಗೋಡೆ ಹಿಡಿದು, ಆಮೇಲೆ ಅಮ್ಮನ ಕೈ ಹಿಡಿದು, ಆಮೇಲೆ ಏನನ್ನೂ ಹಿಡಿಯದೆ ನಡೆದಳು. ಶಾಲೆ ಶುರುವಾದ ಮೇಲೆ ಎದುರು ಕಿಟಕಿ ಮಧ್ಯಾಹ್ನಗಳಲ್ಲಿ ಖಾಲಿ. ಮಂಚವೂ ತನ್ನ ಹಳೆಯ ಜಾಗಕ್ಕೆ ಹೋಗಿತ್ತು. ಮೊದಲ ದಿನ ಟೇಲರಮ್ಮನ ಕೈ ಊಟವಾದ ಮೇಲೆ ತಾನಾಗಿ ಮೆಷಿನ್ನಿಗೆ ಬಟ್ಟೆ ಹೊದಿಸಿತು. ಆಮೇಲೆ ಏನು ಮಾಡುವುದೆಂದು ತಿಳಿಯದೆ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು.

ಸಂಜೆ ಕೆಳಗಿನಿಂದ ಕೂಗು ಬಂತು. "ಅಜ್ಜೀ! ಕಿಟಕೀಲಿ ಏನ್ ಮಾಡ್ತಿದೀಯಾ? ಕೆಳಗೆ ಬಾ!"

ಗಲ್ಲಿಯಲ್ಲಿ ಮಕ್ಕಳು ವೃತ್ತವಾಗಿ ನಿಂತಿದ್ದರು. ಮಿಡತೆ ಶಾಲೆಯ ಚೀಲವನ್ನು ಸೈಕಲ್ ಅಂಗಡಿಯ ಬೆಂಚಿನ ಮೇಲೆ ಬಿಸಾಡಿ, ತನ್ನ ಪಕ್ಕದಲ್ಲಿ ಒಂದು ಜಾಗ ಬಿಟ್ಟುಕೊಂಡು ಕಾಯುತ್ತಿದ್ದಳು. ಟೇಲರಮ್ಮ ಮೆಟ್ಟಿಲಿಳಿದಳು. ವೃತ್ತದ ಅಂಚಿನಲ್ಲಿ ಒಂದು ಕ್ಷಣ ತಡೆದಳು. ಆಮೇಲೆ ಆ ಜಾಗದಲ್ಲಿ ಹೋಗಿ ನಿಂತಳು.

ಈಗ ಅದೇ ರೂಢಿಯಾಗಿದೆ. ಶಾಲೆ ಬಿಟ್ಟ ಮೇಲೆ ಅಂಗಡಿಯ ದೀಪ ಹತ್ತುವವರೆಗೆ ಟೇಲರಮ್ಮ ಗಲ್ಲಿಯಲ್ಲಿ ಸಿಗುತ್ತಾಳೆ. ಬಟ್ಟೆ ಕೊಡುವವರು ಅದಕ್ಕೆ ಮೊದಲು ಬರಬೇಕು. ಮಕ್ಕಳು ಅವಳ ವಯಸ್ಸಿಗೆ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಭಾನುವಾರ ತಂಗಿಯೂ ಸೇರುತ್ತಾಳೆ. ಹೋದ ವಾರವಂತೂ ದೊಡ್ಡ ರಂಪವಾಯಿತು. ತಂಗಿ ಎಸೆದ ಸುತ್ತುಚೆಂಡು ಟೇಲರಮ್ಮನ ಬೆರಳ ತುದಿಯಿಂದ ಜಾರಿ, ನೆಲಕ್ಕೆ ತಾಗಿತೋ ಇಲ್ಲವೋ ಎಂಬಷ್ಟರಲ್ಲಿ ಅವಳು ಬಗ್ಗಿ ಬಾಚಿಕೊಂಡಳು.

"ಔಟ್! ಅಜ್ಜಿ ಔಟ್!" 

"ಯಾವನೋ ಔಟ್ ಅಂದೋನು? ನೆಲಕ್ಕೆ ತಾಗೇ ಇಲ್ಲ!"

"ತಾಗ್ತು ಅಜ್ಜಿ, ನಾನೇ ನೋಡ್ದೆ," ಅಂದಳು ಮಿಡತೆ.

"ನೀನು ನೋಡಿದ್ದು ನೆರಳು ಕಣೇ. ಚೆಂಡು ನನ್ನ ಕೈಯಲ್ಲೇ ಇತ್ತು."

"ಅಕ್ಕಾ," ವೃತ್ತದ ಆಚೆಯಿಂದ ತಂಗಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಕೂಗಿದಳು, "ಸುಳ್ಳು ಹೇಳ್ಬೇಡ. ಬಿತ್ತು."

"ಬೀಳ್ಲಿಲ್ಲ!" ಅಂದಳು ಟೇಲರಮ್ಮ, ಚೆಂಡನ್ನು ಬೆನ್ನ ಹಿಂದೆ ಅಡಗಿಸಿಕೊಂಡು.